ಪರೀಕ್ಷೆಗೆ ಬಾರದ ಪ್ರಶ್ನೆ

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಪುಟ್ಟುವಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಹೆಂಡತಿಯ ಮಂಡಿನೋವು ಹೇಗಿದೆ? ಕಾಗದ ಬರೆಯದೆ ಬಹಳ ದಿನವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳೋಣವೆಂದರೆ ‘ಕ್ಲಾಸಿದೆ ಅಕ್ಕ’ ಎಂದು ಇಟ್ಟುಬಿಡುತ್ತೀಯೆ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಭಾನುವಾರದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಒಗೆದು ಒಣಗಿಸಿದ ಬಟ್ಟೆಯನ್ನೇ ಇವತ್ತು ಮತ್ತೆ ನೆನೆಹಾಕಿದೆ. ನಿಮ್ಮ ಭಾವ ಹಿಂದಿನಿಂದ ನೋಡಿ, ನಲ್ಲಿ ನಿಲ್ಲಿಸಿ ಹೋದರು.

ನಮ್ಮ ಮಹಡಿಯ ಮೇಲಿರುವ ನರ್ಸಮ್ಮ ನಿನಗೆ ಗೊತ್ತು. ಅವಳು ನಿಮ್ಮ ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ ಇತಿಹಾಸದ ಎಂ.ಎ.ಗೆ ಸೇರಿದ್ದಾಳೆ. ಭಾನುವಾರ ಸಂಪರ್ಕ ತರಗತಿಯಿತ್ತು. ಆಸ್ಪತ್ರೆಯ ಪಾಳಿ ಮುಗಿಸಿ, ಅಲ್ಲೇ ಮುಖ ತೊಳೆದುಕೊಂಡು ಹೋಗಿದ್ದಳು. ಪಾಠ ನಿನ್ನದು. ಇದೆಲ್ಲ ಅವಳು ಹೇಳಿದ್ದು.

ಒಳಗೆ ಬರುವ ಮೊದಲು ನೀನು ನಿಮ್ಮ ವಿಭಾಗದ ಮುಖ್ಯಸ್ಥರ ಜೊತೆ ಬಾಗಿಲಲ್ಲಿ ನಿಂತಿದ್ದೆಯಂತೆ. ಅವರು, “ಇವರಿಗೆ ಬೇಕಿರೋದು ಸರ್ಟಿಫಿಕೇಟು, ನಮಗೆ ಬೇಕಿರೋದು ಭಾನುವಾರ. ಸುಮ್ನೆ ಇಬ್ರಿಗೂ ಶಿಕ್ಷೆ” ಅಂದರಂತೆ. ನೀನು ನಕ್ಕೆಯಂತೆ. ಮುಂದಿನ ಬೆಂಚಿನವರಿಗೆಲ್ಲ ಕೇಳಿಸಿತು. ಆಮೇಲೆ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟು, ಅಂಚು ಹಳದಿಗಟ್ಟಿದ ಟಿಪ್ಪಣಿ ತೆಗೆದು, ತಲೆಯೆತ್ತದೆ ಓದಿಕೊಂಡು ಹೋದೆ. ಬಸ್ ಕಂಡಕ್ಟರೊಬ್ಬ ‘ಸ್ವಲ್ಪ ನಿಧಾನ ಸಾರ್’ ಎಂದರೆ, ಎಲ್ಲ ಪುಸ್ತಕದಲ್ಲಿದೆ ಅಂದೆ.

ನಿನ್ನ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ವಾರವಿಡೀ ಪಾಠ, ಅದರ ಮೇಲೆ ಇದು. ಬೇಡದ ಕೆಲಸವನ್ನು ಒಬ್ಬರು ಇನ್ನೊಬ್ಬರ ತಲೆಗೆ ಕಟ್ಟಿ ಜಾರಿಕೊಳ್ಳುತ್ತಾರೆಂದು ನೀನೇ ಹೇಳಿದ್ದೆ. ಆದರೆ ಈ ದೂರಶಿಕ್ಷಣ ಶುರುವಾದಾಗಿನ ಪತ್ರಿಕೆಗಳೂ ನನಗೆ ನೆನಪಿವೆ. ಮನೆಬಾಗಿಲಿಗೇ ವಿಶ್ವವಿದ್ಯಾಲಯ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ಬಾಗಿಲವರೆಗೆ ಬಂದ ಮೇಷ್ಟ್ರು ಹೀಗೆ ಮುಖ ಸಿಂಡರಿಸಿಕೊಂಡು ನಿಲ್ಲುತ್ತಾರೆಂದು ಯಾರೂ ಬರೆದಿರಲಿಲ್ಲ.

ಇನ್ನೊಂದೂ ನೆನಪಿದೆ. ನಿನ್ನ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ವರ್ಷ ನೀನು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಕಿಟಕಿಯ ಪಕ್ಕದ ಮಂಚದಲ್ಲೇ ಪಾಠ ಕೇಳಿ, ಹೊರಗಿನಿಂದ ಪರೀಕ್ಷೆ ಕಟ್ಟಿ ಪಾಸಾದೆ. ಅದನ್ನು ಯಾರೂ ಕಳಪೆ ಓದು ಅನ್ನಲಿಲ್ಲ.

ಪಾಠದ ಕೊನೆಯಲ್ಲಿ ಹಿಂದಿನ ಬೆಂಚಿನಿಂದ ವಯಸ್ಸಾದ ಹೆಂಗಸೊಬ್ಬಳು ಎದ್ದು ನಿಂತಳಂತೆ. ಬರಗಾಲದಲ್ಲೂ ಧಾನ್ಯ ಹಡಗಿನಲ್ಲಿ ಹೊರದೇಶಕ್ಕೆ ಹೋಗುತ್ತಿತ್ತು ಎಂದು ಓದಿದೆಯಲ್ಲ, ಅದಕ್ಕೆ ಕೇಳಿದಳು: “ಮೂಟೆ ಹೊತ್ತವರು ಏನು ತಿಂದ್ರು ಸಾರ್?”

“ಅದು ಪರೀಕ್ಷೆಗೆ ಬರಲ್ಲಮ್ಮ, ಕೂತ್ಕೊಳ್ಳಿ” ಅಂದೆ ನೀನು. ಆಗಲೂ ತಲೆಯೆತ್ತಲಿಲ್ಲ.

ನರ್ಸಮ್ಮ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದಾಳೆ. ಇನ್ನು ಹೋಗಲ್ಲ ಅಕ್ಕ, ಅದೇ ಹೊತ್ತಲ್ಲಿ ನಿದ್ದೆಯಾದರೂ ಮಾಡ್ತೀನಿ ಅನ್ನುತ್ತಾಳೆ. ಇನ್ನೊಂದು ಭಾನುವಾರ ನೋಡು ಎಂದು ಹಿಡಿದು ನಿಲ್ಲಿಸಿದ್ದೇನೆ. ಬರುವ ಭಾನುವಾರವೂ ನಿನ್ನದೇ ಪಾಠವಂತೆ. ಆ ಹಳೆಯ ಟಿಪ್ಪಣಿಯನ್ನು ಮನೆಯಲ್ಲೇ ಬಿಟ್ಟು ಹೋಗು. ನಿನಗೆ ಅದು ಬೇಕಾಗಿಲ್ಲ ಪುಟ್ಟು, ನಿನಗೆ ಅಷ್ಟು ಗೊತ್ತಿದೆ.

ಬೈದೆನೆಂದು ಊಟ ಬಿಡಬೇಡ. ಮಕ್ಕಳಿಗೆ ಅತ್ತೆಯ ಮುತ್ತುಗಳು. ಎಲ್ಲರೂ ತಣ್ಣಗಿರಿ.

ನಿನ್ನ
ಅಕ್ಕ

ತಾ.ಕ.: ನರ್ಸಮ್ಮ ಹೇಳಿದಳೆಂದು ಬರೆದದ್ದು ಸುಳ್ಳು. ಅವಳ ಜೊತೆ ನಾನೂ ಸೇರಿದ್ದೇನೆ, ಪಾಸಾದ ಮೇಲೆ ನಿನಗೆ ಹೇಳೋಣವೆಂದಿದ್ದೆ. ಆ ಹಿಂದಿನ ಬೆಂಚಿನವಳು ನಾನೇ. ಮುಖ ನೋಡಲಿಲ್ಲ, ಹೋಗಲಿ. ಪಟ್ಟಿ ಕಟ್ಟಿದ್ದ ಆ ವರ್ಷ ನಿನಗೆ ಪಾಠವೆಂದರೆ ನನ್ನ ದನಿಯೇ ಆಗಿತ್ತಲ್ಲವೇ? ಕೇಳಿದ ಪ್ರಶ್ನೆಯೂ ನನ್ನದಲ್ಲ. ಆಗ ನಾನು ಇದೇ ಬರಗಾಲದ ಪಾಠ ಓದಿ ಮುಗಿಸಿದಾಗ ನನ್ನ ಕೈ ಹಿಡಿದೆಳೆದು ಅದನ್ನು ಕೇಳಿದವನು ನೀನು. ನನಗೆ ಗೊತ್ತಿರಲಿಲ್ಲ. ನೀನು ಓದಿ ದೊಡ್ಡೋನಾಗಿ ನಂಗೆ ಹೇಳು ಅಂದಿದ್ದೆ.