ಮಡಿಕೆಯೊಳಗಿನ ಬಟ್ಟೆ

ಜೂನ್ ಹದಿನೆಂಟು, ಭಾನುವಾರ
ಹೊಸ ಮನೆಯಿಂದ

ಪ್ರೀತಿಯ ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದನ್ನು ಓದು: ಅವತ್ತು ಕಿಟಕಿಯ ಪರದೆ ಎಳೆದದ್ದು ಅಮ್ಮ ಅಲ್ಲ. ಆ ಮನೆಯಲ್ಲಿ ಈಗ ನಾವಿಲ್ಲ.

ಮೇ ಒಂದರಂದೇ ಖಾಲಿ ಮಾಡಿದೆವು. ಮನೆ ಮಾಲೀಕರು ತೀರಿಕೊಂಡ ಮೇಲೆ ಅವರ ಮಗ ಎರಡು ಸಲ ಬಾಡಿಗೆ ಏರಿಸಿದ. ನಾನು ಹಗಲೆಲ್ಲ ಪ್ರಕಾಶನದಲ್ಲಿ ಕರಡು ತಿದ್ದಿ, ಸಂಜೆ ಟ್ಯೂಷನ್ ಹೇಳಿಕೊಡುತ್ತಿದ್ದೆ. ಫೆಬ್ರವರಿಯಲ್ಲಿ ಆಫೀಸಿನ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದೆ. ಆಮೇಲೆ ನಾನೇ ಈ ಮನೆ ಹುಡುಕಿದೆ. ರೈಲಿನಲ್ಲಿ ಮುಕ್ಕಾಲು ಗಂಟೆ, ನಿಲ್ದಾಣದಿಂದ ಇಪ್ಪತ್ತು ನಿಮಿಷದ ನಡಿಗೆ. ಬಾಡಿಗೆ ಅಲ್ಲಿನ ಅರ್ಧ. ಎರಡು ಕೋಣೆ, ಹಿಂದೆ ಬಟ್ಟೆ ಒಣಗಿಸುವಷ್ಟು ಜಾಗ. ಗೋಡೆ ಮಾತ್ರ ತೆಳು. ಪಕ್ಕದ ಮನೆಯವರು ಸೀನಿದರೆ ನಮಗೆ ನೆಗಡಿ ಆಗುತ್ತೆ ಅಂತಾಳೆ ಅಮ್ಮ.

ಅಮ್ಮ ಒಪ್ಪಿರಲಿಲ್ಲ. ನೀನು ಹೋದ ಈ ಏಳು ವರ್ಷದಲ್ಲಿ ಮನೆ ಬದಲಿಸುವ ಮಾತು ಬಂದಾಗೆಲ್ಲ ಅವಳದು ಒಂದೇ ಪ್ರಶ್ನೆ: "ಅವಳು ಬಂದ್ರೆ ಯಾರ ಮನೆ ಬಾಗಿಲು ತಟ್ತಾಳೆ?" ಈ ಮೆಟ್ಟಿಲು ಮತ್ತೆ ಹತ್ತಬೇಡ ಎಂದು ನಿನಗೆ ಹೇಳಿದವಳೂ ಅವಳೇ. ಆ ಮಾತನ್ನು ವಾಪಸ್ ನುಂಗಲು ಅವಳು ಎಷ್ಟು ಸಲ ನೋಡಿದ್ದಾಳೆಂದು ನನಗೆ ಗೊತ್ತು.

ಈಗ ನನ್ನ ತಪ್ಪು ಹೇಳುತ್ತೇನೆ.

ನಿನ್ನ ಪತ್ರ ಏಪ್ರಿಲ್‌ನಲ್ಲೇ ಬಂದಿತ್ತು. ಹೊಸ ಮನೆಗೆ ಮುಂಗಡ ಕೊಟ್ಟು ನಾಲ್ಕು ದಿನವಾಗಿತ್ತು. ಮೇ ಹದಿಮೂರು, ಸಂಜೆ ಐದಕ್ಕೆ ಎದುರು ಬದಿಯಲ್ಲಿ ಮಗಳೊಂದಿಗೆ ನಿಂತಿರುತ್ತೇನೆ, ಅಮ್ಮ ಕಿಟಕಿಯಿಂದ ಕರೆದರೆ ಮಾತ್ರ ಮೇಲೆ ಬರುತ್ತೇನೆ ಎಂದು ನೀನು ಬರೆದಿದ್ದೆ. ವಿಳಾಸವಿಲ್ಲ, ಫೋನ್ ನಂಬರೂ ಇಲ್ಲ. ಹಟದಲ್ಲಿ ನೀನು ಅಮ್ಮನ ಮಗಳೇ. ಅವಳಿಗೆ ತೋರಿಸಿದರೆ ಆ ಕಿಟಕಿ ಬಿಟ್ಟು ಕದಲುವುದಿಲ್ಲ ಎಂದು ಹೆದರಿದೆ. ನಿಘಂಟಿನೊಳಗೆ ಇಟ್ಟುಬಿಟ್ಟೆ. ಆ ದಿನ ನಾನೇ ಹೋಗಿ ನಿಮ್ಮಿಬ್ಬರನ್ನು ಕರೆತಂದು ಅಮ್ಮನ ಮುಂದೆ ನಿಲ್ಲಿಸುತ್ತೇನೆ ಎಂದು ಲೆಕ್ಕ ಹಾಕಿದೆ. ಹುಟ್ಟಿದಾಗಿನಿಂದ ಯಾರ ಮುಂದೆಯೂ ಬಾಯಿ ಬಿಡದವಳು, ಈ ಒಂದು ವಿಷಯದಲ್ಲಿ ಜಾಣೆಯಾಗಲು ಹೋದೆ.

ಹದಿಮೂರರಂದು ಮೂರೂವರೆಗೇ ರೈಲು ಹತ್ತಿದ್ದೆ ಅಕ್ಕಾ. ಎರಡು ನಿಲ್ದಾಣಗಳ ನಡುವೆ ರೈಲು ನಿಂತುಬಿಟ್ಟಿತು. ಸಿಗ್ನಲ್ ಕೆಟ್ಟಿದೆಯಂತೆ. ಎರಡು ಗಂಟೆ ಹೊತ್ತು ನಾನು ಕಿಟಕಿಯಾಚೆ ಒಂದು ಗೋದಾಮಿನ ಗೋಡೆ ನೋಡುತ್ತ ಕೂತಿದ್ದೆ. ನಮ್ಮ ಬೀದಿಗೆ ಓಡಿ ಬಂದಾಗ ಆರೂ ಮುಕ್ಕಾಲು.

ಮನೆ ಕೆಳಗಿನ ಅಂಗಡಿಯಲ್ಲಿ ಬೀಗದ ಮಾಮ ಕೀಲಿ ಉಜ್ಜುತ್ತಿದ್ದರು. ಅವರ ಕಣ್ಣು ನಿನಗೆ ಗೊತ್ತಲ್ಲ, ಕೀಲಿಯ ಹಲ್ಲು ಕಾಣುತ್ತದೆ, ಬೀದಿಯಾಚೆಯ ಮುಖ ಕಾಣುವುದಿಲ್ಲ. "ಹೂಂ ಕಣಮ್ಮ, ಯಾರೋ ಹೆಣ್ಮಗಳು ನಿಂತಿದ್ಲು, ಪಕ್ಕದಲ್ಲಿ ಒಂದು ಮಗು. ಮೇಲ್ಗಡೆ ಕಿಟಕೀನೇ ನೋಡ್ತಿದ್ಲು. ಮನೆ ಬಾಡಿಗೆಗೆ ಕೇಳೋಕೆ ಬಂದಿರಬೇಕು ಅಂದ್ಕೊಂಡೆ. ಮೇಲೆ ಯಾರೋ ಸರ್ರಂತ ಪರದೆ ಎಳೆದ ಸದ್ದಾಯ್ತು. ಆಮೇಲೆ ಮಗೂನ ಎತ್ಕೊಂಡು ಹೋಗ್ಬಿಟ್ಲು. ಈಗ ತಾನೆ, ಹತ್ತು ನಿಮಿಷ ಆಗಿರಬೇಕು" ಅಂದರು.

ಬಸ್ ನಿಲ್ದಾಣದವರೆಗೆ ಓಡಿದೆ. ಮಗು ಎತ್ತಿಕೊಂಡ ಮೂವರು ಹೆಂಗಸರ ಮುಖ ನೋಡಿದೆ. ಒಬ್ಬಳು ಬೈದಳು. ನೀನು ಸಿಗಲಿಲ್ಲ.

ಪರದೆ ಎಳೆದದ್ದು ಹೊಸ ಬಾಡಿಗೆಯವರು. ಅವರಿಗೆ ನೀನು ಯಾರೆಂದು ಗೊತ್ತಿಲ್ಲ. ಆದರೆ ನೀನು ಅದನ್ನು ಅಮ್ಮನ ಉತ್ತರ ಅಂದುಕೊಂಡು ಹೋದೆ. ಒಂದು ತಿಂಗಳಿಂದ ನಾನು ಊಟಕ್ಕೆ ಕೂತಾಗ, ಕರಡು ತಿದ್ದುವಾಗ, ನನ್ನ ತಲೆಯಲ್ಲಿ ಅದೊಂದೇ ತಿರುಗುತ್ತಿದೆ.

ಅವತ್ತು ನಾನು ಮನೆಗೆ ಬಂದು, ಆಫೀಸಿನಲ್ಲಿ ತಡವಾಯಿತು ಎಂದೆ. ಅಮ್ಮ ನನ್ನ ಬೆನ್ನ ಹಿಂದೆ ಬಾಗಿಲಾಚೆ ಒಂದು ಸಲ ನೋಡಿ ಚಿಲಕ ಹಾಕಿದಳು. ಅಡಿಗೆ ನಾಲ್ಕು ಜನಕ್ಕಾಗುವಷ್ಟಿತ್ತು. ಯಾಕಮ್ಮಾ ಇಷ್ಟು ಎಂದರೆ, "ಹೊಸ ಒಲೆ ಅಲ್ವೇನೇ, ಅಳತೆ ತಪ್ಪಿತು" ಅಂದಳು. ಮೂರು ದಿನ ಅದನ್ನೇ ಬಿಸಿ ಮಾಡಿಕೊಂಡು ಉಂಡೆವು.

ಇಲ್ಲಿ ಅವಳಿಗೆ ಗಿರಾಕಿಗಳಿಲ್ಲ. ಹೊಲಿಗೆ ಯಂತ್ರವನ್ನು ಕಿಟಕಿಯ ಪಕ್ಕ ಇಟ್ಟು, ಬಾಗಿಲಿಗೆ ಬೋರ್ಡು ಹಾಕಿ ಕೂತಿದ್ದಾಳೆ. ಒಬ್ಬ ಹೆಂಗಸು ಬಂದಳು, ಬ್ಯಾಗಿನ ಜಿಪ್ ಹಾಕಿಸಿಕೊಂಡು ಹೋದಳು. ಆದರೂ ನಿನ್ನ ಉಡುಪು ಹೊಲಿಯುವುದನ್ನು ಬಿಟ್ಟಿಲ್ಲ. ನೀನು ಹೋದ ಮೇಲೆ ವರ್ಷಕ್ಕೊಂದು. ಅಳತೆ ಪುಸ್ತಕದಲ್ಲಿ ನಿನ್ನ ಹಳೆಯ ಅಳತೆಯೇ ಇದೆ. "ಮೈ ಬಂದಿರುತ್ತೆ ಅವಳಿಗೆ" ಎನ್ನುತ್ತ ಒಳಗಡೆ ಬಟ್ಟೆ ಬಿಟ್ಟು ಹೊಲಿಯುತ್ತಾಳೆ. ನಮ್ಮ ಶಾಲೆಯ ಫ್ರಾಕುಗಳು ನೆನಪಿವೆಯಾ? ಅಂಚಿನಲ್ಲಿ ಮಡಚಿಟ್ಟು, ವರ್ಷಕ್ಕೊಂದು ಅಂಗುಲ ಬಿಚ್ಚಿ ಉದ್ದ ಮಾಡುತ್ತಿದ್ದಳು. ಹಳೆಯ ಮಡಿಕೆಯ ಗೆರೆ ಕಾಣುತ್ತದೆಂದು ನೀನು ಅಳುತ್ತಿದ್ದೆ.

ನಿನ್ನೆ ಒಂದು ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟಳು. "ಬೀಗದವರ ಹತ್ರ ಇಟ್ಟು ಬಾ, ಇಲ್ಲಿ ಇಡೋಕೆ ಜಾಗ ಎಲ್ಲಿದೆ" ಅಂದಳು. ಅಲ್ಲಿಗಿಂತ ಇಲ್ಲಿ ಒಂದು ಕೋಣೆ ಜಾಸ್ತಿಯೇ ಇದೆ. ಪೊಟ್ಟಣವನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ.

ಅಮ್ಮನಿಗೆ ನಾನಿನ್ನೂ ಏನೂ ಹೇಳಿಲ್ಲ. ಮೊಮ್ಮಗಳಿದ್ದಾಳೆ ಎಂದು ಹೇಳಿದರೆ, ಅವಳು ಬಂದು ನಿಂತು ಹೋದಳು ಎಂದೂ ಹೇಳಬೇಕಾಗುತ್ತದೆ. ಮನೆ ಬದಲಿಸುವಾಗ ತುಂಬ ಬಳಲಿದ್ದಳು. ನನಗೆ ರಜೆ ಸಿಗದೆ ನನ್ನ ಪುಸ್ತಕಗಳನ್ನೆಲ್ಲ ಅವಳೇ ಕಟ್ಟಿದಳು. ಆ ದಿನದಿಂದ ಮನೆ ಬಿಡುವ ವಿಷಯಕ್ಕೆ ತಕರಾರೂ ಮಾಡಲಿಲ್ಲ. ಸುಸ್ತಾಗಿರಬೇಕು ಅಂದುಕೊಂಡೆ.

ನಮ್ಮ ವಿಳಾಸ ಲಕೋಟೆಯ ಹಿಂದೆ ದೊಡ್ಡ ಅಕ್ಷರದಲ್ಲಿದೆ. ಮಾಮನ ಕೈಗೂ ಒಂದು ಚೀಟಿ ಕೊಡುತ್ತೇನೆ. ಮಗು ಎತ್ತಿಕೊಂಡು ಯಾವ ಹೆಂಗಸು ಬಂದು ನಿಂತರೂ ಹೋಗಿ ಕೇಳುತ್ತೇನೆ ಎಂದಿದ್ದಾರೆ. ನೀನು ಮತ್ತೆ ಆ ಬೀದಿಗೆ ಯಾಕೆ ಬರುತ್ತೀ ಎಂದು ನನಗೂ ಅನಿಸುತ್ತದೆ. ಬಂದರೆ, ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡು. ಮನೆಗೆ ಬಂದು ಮಾಡು.

ನಿನ್ನ
ಇಲಿಮರಿ

ತಾಜಾ ಕಲಂ: ಈ ಪತ್ರ ಒಳಗಿಡಲು ಈಗ ಪೊಟ್ಟಣ ಬಿಚ್ಚಿದೆ. ನಿನ್ನ ಉಡುಪಿನ ಕೆಳಗೆ ಇನ್ನೊಂದಿದೆ, ಹಳದಿ ಬಣ್ಣದ ಪುಟ್ಟ ಫ್ರಾಕು. ಮೂರು ವರ್ಷದ ಮಗುವಿನ ಅಳತೆ. ನಿನ್ನ ಮಗಳಿಗೆ ಮೂರು ತುಂಬಿತು ಎಂಬುದು ನಿಘಂಟಿನೊಳಗಿನ ಆ ಪತ್ರದಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ಅಂಚು ಮಗುಚಿ ಅಮ್ಮನ ಟೇಪಿನಲ್ಲೇ ಅಳೆದೆ. ಒಳಗೆ ನಾಲ್ಕು ಅಂಗುಲ ಬಟ್ಟೆ ಬಿಟ್ಟಿದ್ದಾಳೆ.