ಅಪ್ಪ ಇರುವಾಗಲೇ ತೆಗೆಸಿದ ಮೀಸೆ

ಮಳವಳ್ಳಿ, ಸೋಮವಾರ

ಅಪ್ಪನಿಗೆ ಯೋಗೇಶ ಮಾಡುವ ನಮಸ್ಕಾರ.

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಬೆಸಗರಹಳ್ಳಿಯ ಸಿದ್ದರಾಜು ಮಾವ ನನ್ನ ಬೋಳು ತಲೆ, ಮೀಸೆಯಿಲ್ಲದ ಮುಖ ನೋಡಿ, “ಯಾವಾಗ್ಲಾ ತೀರ್ಕಂಡ್ರು ಭಾವ? ನಮ್ಗೊಂದು ಮಾತು ಏಳ್ನಿಲ್ವಲ್ಲಾ” ಎಂದು ಅತ್ತುಬಿಟ್ಟರು. ನೀವು ಚೆನ್ನಾಗಿದ್ದೀರಿ ಎಂದರೂ ನಂಬಲಿಲ್ಲ. ದಯವಿಟ್ಟು ಅವರಿಗೊಂದು ಫೋನ್ ಮಾಡಿ.

ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ದೇಣಿಗೆ ಎತ್ತಲು ನಿನ್ನೆ ನಮ್ಮ ಶಾಲೆಯಲ್ಲಿ ನಾವು ಐದು ಜನ ಮೇಷ್ಟ್ರುಗಳು ತಲೆ ಬೋಳಿಸಿಕೊಂಡೆವು. ಮೀಸೆ ತೆಗೆಯಬೇಕೆಂದು ಯಾರೂ ಹೇಳಿರಲಿಲ್ಲ. ಉಳಿದ ನಾಲ್ವರೂ ಇಟ್ಟುಕೊಂಡಿದ್ದಾರೆ. ನಾನೇ ಕೇಳಿ ತೆಗೆಸಿದೆ.

ಮಗಳು ಇಂಚರಳನ್ನು ಮಣ್ಣು ಮಾಡಿ ಬಂದ ದಿನವೇ ತೆಗೆಸಬೇಕೆಂದಿದ್ದೆ. ಕ್ಷೌರದವರು ಬಂದು ಜಗಲಿಯಲ್ಲಿ ಕೂತಿದ್ದರು. ನೀವು ಅಡ್ಡ ನಿಂತು, “ಮಕ್ಳು ತೀರ್ಕಂಡ್ರೆ ಅಪ್ಪ ತಲೆ ಬೋಳಿಸ್ಕಳಾಕಿಲ್ಲ ಕಣ್ಲಾ” ಎಂದು ಅವರನ್ನು ವಾಪಸ್ ಕಳಿಸಿದಿರಿ. ಮಾರನೆಯ ದಿನ ಎಂದಿನಂತೆ ತಲೆ ಬಾಚಿಕೊಂಡು ಶಾಲೆಗೆ ಹೋದೆ.

ಮಾವ ಫೋನಿನಲ್ಲಿ ಕಾರಣ ಕೇಳಿದರೆ, ದೇವರಿಗೆ ಮುಡಿ ಕೊಟ್ಟ ಎಂದು ಹೇಳಿ ಮುಗಿಸಬೇಡಿ. ಇಂಚರಳಿಗೆ ಎನ್ನಿ. ಅವಳು ಹೋದ ಮೇಲೆ ಆ ಹೆಸರನ್ನು ನಿಮ್ಮ ಬಾಯಲ್ಲಿ ನಾನು ಕೇಳಿಲ್ಲ.

ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮ ಮಗ,
ಯೋಗೇಶ