ತೊಳೆದಿಟ್ಟ ತಂಬೂರಿ

ಹೊಸಹೊಂಬಳ
ವೈಶಾಖದ ನಲವತ್ತೊಂದನೆಯ ದಿನ, ೨೩೮೭

ಮನೆಯಲ್ಲಿ ಇನ್ನೂ ತಂಬೂರಿ ಇರುವ ಹಿರಿಯರಿಗೆ,

ತೇದಿ ನೋಡಿ ಗಾಬರಿಯಾಗಬೇಡಿ. ಬಿಸಿಲು ಇಳಿಯುವ ತನಕ ನಾವು ವೈಶಾಖವನ್ನು ಮುಗಿಸುವುದಿಲ್ಲ. ಎಷ್ಟೋ ತಲೆಮಾರುಗಳ ಆಚೆಯಿಂದ ಬರೆಯುತ್ತಿರುವ ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನಾನು ಮೃಡಾನಿ ಹಲಗೇರಿ, ಇಲ್ಲಿನ ಮಕ್ಕಳಿಗೆ ದನಿ ಕಟ್ಟುವುದನ್ನು ಕಲಿಸುವವಳು.

ನಮ್ಮಲ್ಲಿ ದನಿಗೆ ಬರವಿಲ್ಲ. ಕೊಳಲು ಬೇಕೆಂದರೆ ಗೋಡೆಯೇ ಕೊಳಲಾಗಿ ನುಡಿಯುತ್ತದೆ. ಹೇಗೆ ನುಡಿಯುತ್ತದೆ ಎಂದು ಕೇಳಿದರೆ ಮಾತ್ರ ದೊಡ್ಡವರೂ ಪಿಳಿಪಿಳಿ ಕಣ್ಣು ಬಿಡುತ್ತಾರೆ. ನನಗೆ ಅದನ್ನು ಕಂಡರೆ ಮೈ ಉರಿಯುತ್ತದೆ. ಅದಕ್ಕೇ ನನ್ನ ಶಾಲೆಯಲ್ಲಿ ಪ್ರತಿ ಮಗುವೂ ಒಂದು ಅಲೆಪೆಟ್ಟಿಗೆ ಕಟ್ಟಲೇಬೇಕು. ಅಂಗೈಯಗಲದ ಹಲಗೆ, ಒಂದು ಚಿಪ್, ಪುಟ್ಟ ಸ್ಪೀಕರ್, ತಿರುಗಿಸಲು ಮೂರು ಗುಂಡಿ, ಅಷ್ಟೇ. ಮೊದಲ ಗುಂಡಿ ಒಂದೇ ಒಂದು ಅಲೆಯನ್ನು ಎಬ್ಬಿಸುತ್ತದೆ; ಬಾಟಲಿಯ ಬಾಯಿಗೆ ಊದಿದಂಥ ಬೋಳು ದನಿ. ಎರಡನೆಯದು ಅದರ ಮೇಲೆ ಎರಡರಷ್ಟು, ಮೂರರಷ್ಟು ವೇಗದ ಅಲೆಗಳನ್ನು ಸೇರಿಸುತ್ತ ಹೋಗುತ್ತದೆ. ದನಿಗೆ ಬಣ್ಣ ಬರುವುದು ಆಗ. ಮೂರನೆಯದು ದನಿ ಎಷ್ಟು ಬೇಗ ಹುಟ್ಟಬೇಕು, ಎಷ್ಟು ನಿಧಾನವಾಗಿ ಸಾಯಬೇಕು ಎಂದು ತೀರ್ಮಾನಿಸುತ್ತದೆ. ಪೆಟ್ಟಿಗೆ ನುಡಿಸುವ ಮೊದಲು ಮಕ್ಕಳು ಅದರ ಅಂಚಿನಲ್ಲಿ ಬೆರಳನ್ನು ಮೆಲ್ಲಗೆ ಹಿಂದೆ ಮುಂದೆ ಜಾರಿಸುತ್ತಾರೆ. ಹಳೆಯ ಚಿತ್ರಗಳಲ್ಲಿ ಹಾಡುಗಾರರು ತಂಬೂರಿಗೆ ಹೀಗೆಯೇ ಮಾಡುತ್ತಿದ್ದರು. ಅದು ವಾದ್ಯಕ್ಕೆ ಸಲ್ಲಿಸುವ ನಮಸ್ಕಾರವೆಂದು ನಾವು ನಂಬಿದ್ದೆವು.

ಗುರುಬಸವ್ವನವರು ನಮ್ಮ ಓಣಿಯ ಹಿರಿಯ ಗಾಯಕಿ. ಮರಗಳಿಗೆ ತಗುಲಿದ ರೋಗ ಮರದ ವಾದ್ಯಗಳಿಗೂ ಹಬ್ಬಿ ಅವೆಲ್ಲ ಪುಡಿಯಾಗುವ ಮೊದಲು, ಚಿಕ್ಕಂದಿನಲ್ಲಿ, ತಂಬೂರಿ ಹಿಡಿದು ಕಲಿತವರು. ಅಂಥವರಲ್ಲಿ ಅವರೊಬ್ಬರೇ ಉಳಿದಿದ್ದರು. ಈ ವರ್ಷ ಹಾಸಿಗೆ ಹಿಡಿದಾಗ ಅವರು ಬಯಸಿದ್ದು ಒಂದೇ: ಕಣ್ಣು ಮುಚ್ಚುವ ಮೊದಲು ಒಮ್ಮೆ ತಂಬೂರಿ ಕೇಳಬೇಕು. ಗೋಡೆಯ ತಂಬೂರಿ ಅವರಿಗೆ ಬೇಡವೇ ಬೇಡ. ಉಳಿದಿದ್ದ ಹಳೆಯ ಧ್ವನಿಮುದ್ರಣಗಳನ್ನೆಲ್ಲ ನಮ್ಮ ಅಜ್ಜಂದಿರು ಶುದ್ಧಿಯಂತ್ರಕ್ಕೆ, ಎಂದರೆ ಗೊರಗೊರ, ಕೆಮ್ಮು ಎಲ್ಲವನ್ನೂ ತೊಳೆದು ತೆಗೆಯುವ ಯಂತ್ರಕ್ಕೆ, ಹಾಕಿಬಿಟ್ಟಿದ್ದರು. ನನ್ನ ಮಕ್ಕಳು ಅವನ್ನೇ ಕೇಳಿ, ಅಲೆಗೆ ಅಲೆ ಸೇರಿಸಿ, ಒಂದು ತಂಬೂರಿ ಕಟ್ಟಿದರು. ಅಜ್ಜಿ ಕೇಳಿದರು. “ತೊಳದಿಟ್ಟ ಭಾಂಡೆ ಆಗೇತಿ ನೋಡವ್ವಾ, ಉಣ್ಣಾಕ ಏನೂ ಇಲ್ಲ,” ಎಂದರು. ನನಗೆ ಅಳುವೇ ಬಂತು.

ಮಕ್ಕಳು ಇನ್ನೊಮ್ಮೆ ನುಡಿಸಿ ನೋಡೋಣವೆಂದು ಪೆಟ್ಟಿಗೆಯ ಮೇಲೆ ಬೆರಳು ಜಾರಿಸಿ ನಮಸ್ಕರಿಸಿದರು. ಅಜ್ಜಿ ಆ ಸಂಕಟದಲ್ಲೂ ನಕ್ಕುಬಿಟ್ಟರು. “ಅಯ್ಯ ನಿಮ್ಮ! ಅದು ನಮಸ್ಕಾರ ಅಲ್ರೋ, ದಾರ ಸರಸೂದು!” ತಂತಿಗಳು ಹಾದುಹೋಗುವ ಕುದುರೆ ಎಂಬ ಪಟ್ಟಿಯ ಮೇಲೆ, ಪ್ರತಿ ತಂತಿಯ ಅಡಿಗೆ, ಹತ್ತಿಯ ಎಳೆಯೊಂದು ಇರುತ್ತಿತ್ತಂತೆ. ಅದನ್ನು ಒಂಚೂರು ಸರಿಸಿದರೆ ತಂತಿ ಕುದುರೆಯನ್ನು ಸವರಿಕೊಂಡು ಝೇಂಕರಿಸುತ್ತಿತ್ತಂತೆ. ಆ ಝೇಂಕಾರವನ್ನೇ ನಮ್ಮವರು ಕೊಳೆಯೆಂದು ತೊಳೆದಿದ್ದರು. ನಾವೋ, ದಾರವನ್ನು ಮರೆತು ಬೆರಳಾಡಿಸುವುದನ್ನು ಮಾತ್ರ ಭಕ್ತಿಯಿಂದ ಉಳಿಸಿಕೊಂಡಿದ್ದೆವು.

ಆ ಝೇಂಕಾರಕ್ಕೆಂದೇ ಪೆಟ್ಟಿಗೆಗೆ ನಾಲ್ಕನೆಯ ಗುಂಡಿ ಬಂತು. ಮೀಟಿದ ಮೇಲೆ, ತುಸು ತಡವಾಗಿ, ಮೇಲಿನ ಅಲೆಗಳು ಒಂದೊಂದಾಗಿ ಅರಳುವಂತೆ ಮಾಡುವುದು ಅದರ ಕೆಲಸ. ಅಜ್ಜಿಯ ಕಿವಿಯ ಬಳಿ ಹಿಡಿದು ನಾನೇ ತಿರುಗಿಸುತ್ತ ಹೋದೆ. “ಇನ್ನಷ್ಟು... ಹಾಂ, ಬರಾಕತ್ತೇತಿ... ಇನ್ನೊಂಚೂರು,” ಎನ್ನುತ್ತಿದ್ದರು. ಆಮೇಲೆ ಏನೂ ಅನ್ನಲಿಲ್ಲ. ಅವರು ಹೋದರೆಂದು ತಿಳಿಯದೆ ನಾನು ಇನ್ನೂ ತಿರುಗಿಸುತ್ತಲೇ ಇದ್ದೆ.

ಹಿರಿಯರೇ, ನಿಮ್ಮ ತಂಬೂರಿಯನ್ನು ನುಡಿಸಿ ಮುದ್ರಿಸಿಡಿ. ಪಕ್ಕದವರ ಕೆಮ್ಮು, ಬಾಗಿಲ ಸದ್ದು, ಏನನ್ನೂ ತೆಗೆಯಬೇಡಿ. ದಾರ ಸರಿಸುವಾಗ ಯಾರಾದರೂ “ಹಾಂ, ಈಗ ಸರಿಯಾಯಿತು” ಎನ್ನುತ್ತಾರಲ್ಲ, ಅದನ್ನಂತೂ ಖಂಡಿತ ಉಳಿಸಿ. ಆ ಮಾತು ಹೇಳಬಲ್ಲವರು ನಮ್ಮಲ್ಲಿ ಇನ್ನು ಯಾರೂ ಇಲ್ಲ.

ನಿಮ್ಮ
ಮೃಡಾನಿ